ಅಟ್ಟದ ಮೇಲಿನ ‘ಇಲ್ಲ’

ಆ ಚಳಿಗಾಲದಲ್ಲಿ ಟಾಲ್ಕಟ್ ಊರಿನ ಯಾವ ಒಲೆಯ ಮುಂದೆ ಯಾವ ಮಾತು ನಡೆಯಿತು ಅಂತ ನನ್ನನ್ನು ಕೇಳಿ. ನನಗೆ ಗೊತ್ತು. ಆ ಒಲೆಗಳ ಬೂದಿ ಬಾಚುತ್ತಿದ್ದವಳು ನಾನು.

ವಾರಕ್ಕೆ ಎರಡು ಸಲ ಊರಿನ ಯಜಮಾನ ಸ್ಕ್ವಯರ್ ಲೂಮಿಸ್‌ನ ಜಾರುಬಂಡಿ ಎಳೆದುಕೊಂಡು ಮನೆಮನೆಗೆ ಹೋಗುತ್ತಿದ್ದೆ. ಕುದುರೆ ಇರಲಿಲ್ಲ. ಹಗ್ಗ ನನ್ನ ಹೆಗಲಿಗೇ. ಮೊಣಕಾಲು ಮುಳುಗುವ ಹಿಮ. ಬೆನ್ನ ಮೇಲೆ ಮಗಳು ಸೂಕಿ, ಒಂದೂವರೆ ವರ್ಷದವಳು. ಮನೆಯವರು ಒಲೆಯ ಮುಂದೆ ಕೂತು ಮಾತಾಡುತ್ತಲೇ ಇರುತ್ತಿದ್ದರು. ನಾನು ಅವರ ಕಾಲುಗಳ ನಡುವೆ ಬಗ್ಗಿ ಬೂದಿ ತುಂಬಿಕೊಳ್ಳುತ್ತಿದ್ದೆ. ನಾಯಿ ಬಂದರೆ ಜನ ಕಾಲು ಸರಿಸುತ್ತಾರೆ. ನಾನು ಬಂದರೆ ಸರಿಸುತ್ತಿರಲಿಲ್ಲ.

ಬೂದಿಯೆಲ್ಲ ಸ್ಕ್ವಯರ್‌ನ ಬೂದಿಮನೆಗೆ. ಪೀಪಾಯಿಗೆ ಸುರಿದು, ಮೇಲಿಂದ ನೀರು ಹಾಯಿಸಿ, ಕೆಳಗೆ ಸೋರುವ ಕಂದು ನೀರನ್ನು ಕೊಪ್ಪರಿಗೆಯಲ್ಲಿ ಮೂರು ದಿನ ಕುದಿಸಬೇಕು. ಆ ನೀರು ಮಾಂಸ ತಿನ್ನುತ್ತದೆ. ಮೊದಲು ಚರ್ಮ ಜಾರುತ್ತದೆ, ಆಮೇಲೆ ಬಿರಿಯುತ್ತದೆ, ಆಮೇಲೆ ಉಗುರು ಹೋಗುತ್ತದೆ. ಕೊನೆಗೆ ತಳದಲ್ಲಿ ಗಟ್ಟಿಯಾಗಿ ಕೂತ ಉಪ್ಪನ್ನು ಉಳಿಯಲ್ಲಿ ಒಡೆದು ತುಂಬಿದರೆ ಅದು ಬಾಸ್ಟನ್‌ಗೆ, ಅಲ್ಲಿಂದ ಹಡಗಿಗೆ. ಸಾಬೂನು ಮಾಡುತ್ತಾರಂತೆ. ನನ್ನ ಆರು ಉಗುರು ಯಾವ ದೊರೆಸಾನಿಯ ಕೆನ್ನೆ ತೊಳೆದವೋ ಗೊತ್ತಿಲ್ಲ.

ನನ್ನ ಗಂಡ ಪೆರೊ ಅದೇ ಬೂದಿಮನೆಯಲ್ಲಿ ಬೆಂಕಿ ನೋಡುತ್ತಿದ್ದ. ಇಂಗ್ಲೆಂಡಿನ ದೊರೆಯ ಸೈನ್ಯದ ವಿರುದ್ಧ ಆರು ವರ್ಷ ಬಂದೂಕು ಹೊತ್ತವನು. ಎರಡು ಕಾಲ್ಬೆರಳು ಹಿಮದಲ್ಲಿ ಬಿಟ್ಟು ಬಂದವನು. ಬೆಟ್ಟದ ಮೇಲೆ ನಾಲ್ಕು ಎಕರೆ ಕಲ್ಲು ಕೊಂಡಿದ್ದ. ಅಲ್ಲೇ ನಮ್ಮ ಗುಡಿಸಲು.

ನಾನು ಮಾರಿಟ್. ನ್ಯೂಯಾರ್ಕ್ ಸೀಮೆಯ ಕ್ಲಾವೆರಾಕ್‌ನಲ್ಲಿ ಹೆರ್ಮನ್ ವಾನ್ ಡ್ರೀಲ್ ಎಂಬ ಡಚ್ಚನ ಆಸ್ತಿಯಾಗಿದ್ದೆ. ಅವನ ಕುದುರೆ, ಅವನ ಗೋಡೆ ಗಡಿಯಾರ, ನಾನು. ನಾಲ್ಕು ವರ್ಷದ ಹಿಂದೆ ಬೆಟ್ಟ ಹತ್ತಿ ಓಡಿ ಬಂದೆ. ಬೆಟ್ಟದ ಈ ಮಗ್ಗುಲು ಮ್ಯಾಸಚೂಸೆಟ್ಸ್. ಇಲ್ಲಿನ ಕೋರ್ಟು ಮನುಷ್ಯನನ್ನು ಮನುಷ್ಯ ಇಟ್ಟುಕೊಳ್ಳುವಂತಿಲ್ಲ ಎಂದು ಹೇಳಿತ್ತು. ಎರಡು ದಿನದ ದಾರಿ, ಅಷ್ಟೇ. ಆ ಮಗ್ಗುಲಲ್ಲಿ ನಾನು ಸಾಮಾನು, ಈ ಮಗ್ಗುಲಲ್ಲಿ ಹೆಂಗಸು. ಎಲ್ಲಿಂದ ಬಂದೆ, ಯಾರ ಮನೆಯಿಂದ ಬಂದೆ ಎಂಬುದನ್ನು ಪೆರೊನಿಗೆ ಬಿಟ್ಟರೆ ಥ್ಯಾಂಕ್‌ಫುಲ್ ಕ್ರೇನ್‌ಗೆ ಮಾತ್ರ ಹೇಳಿದ್ದೆ.

ಥ್ಯಾಂಕ್‌ಫುಲ್ ರೈತನ ಹೆಂಡತಿ. ಬೂದಿಗೆ ಹೋದಾಗ ಕೂರು ಅನ್ನುತ್ತಿದ್ದವಳು ಊರಿಗೆಲ್ಲ ಅವಳೊಬ್ಬಳೇ. ಸೇಬಿನ ಬಿಸಿ ಸೈಡರ್ ಕೊಡುತ್ತಿದ್ದಳು. ಅವಳ ಗಂಡ ಜೆಡಿಡಯಾ ಹೋದ ವರ್ಷ, ಸಾಲಕ್ಕೆ ಹೊಲ ಕಿತ್ತುಕೊಳ್ಳುತ್ತಿದ್ದ ಕೋರ್ಟುಗಳಿಗೆ ಬೀಗ ಜಡಿಯಲು ಹೊರಟ ರೈತರ ಜೊತೆ ಕೋಲು ಹಿಡಿದು ಹೋಗಿದ್ದ. ತೊಡೆಗೆ ಗುಂಡು ತಿಂದು ಬಂದ. ಸರ್ಕಾರ ಅವನ ಮತವನ್ನು ಮೂರು ವರ್ಷಕ್ಕೆ ಕಿತ್ತುಕೊಂಡಿತ್ತು. ಅವತ್ತಿನಿಂದ ಅವನಿಗೆ ಯಾವ ಕಾಗದ ನೋಡಿದರೂ ಹೊಗೆಯೇಳುತ್ತಿತ್ತು.

ಆ ದಿನ ಅವನು ಸ್ಪ್ರಿಂಗ್‌ಫೀಲ್ಡ್‌ನಿಂದ ಬಂದ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ ಕೂತಿದ್ದ. ಅಮೆರಿಕದ ಹದಿಮೂರು ಸೀಮೆಗೂ ಸೇರಿ ಬರೆದ ಹೊಸ ಸಂವಿಧಾನ ಅದರಲ್ಲಿ ಅಚ್ಚಾಗಿತ್ತು. ಊರವರು ಅದನ್ನು ಬರೀ ‘ಹೊಸ ಕಾಗದ’ ಅನ್ನುತ್ತಿದ್ದರು. ಅದಕ್ಕೆ ಹೌದೋ ಇಲ್ಲವೋ ಅಂತ ಹೇಳಲು ಪ್ರತಿ ಊರೂ ಒಬ್ಬನನ್ನು ಬಾಸ್ಟನ್‌ಗೆ ಕಳಿಸಬೇಕಿತ್ತು.

“ತೆರಿಗೆ ಅವ್ರೇ ಹಾಕ್ತಾರಂತೆ. ಸೈನ್ಯ ಅವ್ರೇ ಇಟ್ಕೋತಾರಂತೆ. ಜಡ್ಜುಗಳೂ ಅವ್ರೇ,” ಅಂದ ಜೆಡಿಡಯಾ. “ಬರ್ದೋರು ಯಾರು? ಫಿಲಡೆಲ್ಫಿಯಾದಲ್ಲಿ ನಾಲ್ಕು ತಿಂಗ್ಳು ಬಾಗ್ಲು ಹಾಕ್ಕೊಂಡು ಬರ್ದವ್ರೆ. ಒಳ್ಳೆ ಕೆಲ್ಸ ಮಾಡೋನು ಬೇಸಿಗೇಲಿ ಕಿಟಕಿ ಮುಚ್ತಾನೇನೇ?”

“ನೀನು ಮುಚ್ಕೊಂಡು ಓದು ಮೊದ್ಲು,” ಅಂದಳು ಥ್ಯಾಂಕ್‌ಫುಲ್.

ಅವನು ಓದುತ್ತಾ ಹೋದ. ನಾನು ಬೂದಿ ಬಾಚುತ್ತಾ ಹೋದೆ. ಒಂದು ಗೆರೆ ಬಂತು. ಒಂದು ಸೀಮೆಯಲ್ಲಿ ದುಡಿಮೆಗೆ ಕಟ್ಟುಬಿದ್ದವನು ಇನ್ನೊಂದು ಸೀಮೆಗೆ ತಪ್ಪಿಸಿಕೊಂಡು ಹೋದರೆ ಅವನಿಗೆ ಬಿಡುಗಡೆಯಿಲ್ಲ. ದುಡಿಮೆ ಯಾರಿಗೆ ಸಲ್ಲಬೇಕೋ ಅವರು ಬಂದು ಕೇಳಿದರೆ ಒಪ್ಪಿಸಬೇಕು. ಇಷ್ಟೇ ಅದರ ಸಾರ.

ನನ್ನ ಕೈ ನಿಂತಿತು.

“ಇನ್ನೊಂದ್ಸಲ ಓದಿ,” ಅಂದೆ.

ಓದಿದ. “ಇದು ಕೆಲ್ಸ ಕಲಿಯೋಕ್ ಬಂದು ಓಡ್ಹೋಗೋ ಹುಡುಗ್ರಿಗೆ ಕಣೇ. ಗುಲಾಮ ಅನ್ನೋ ಪದ ಇಡೀ ಕಾಗದದಲ್ಲೇ ಇಲ್ಲ, ನೋಡು ಬೇಕಾದ್ರೆ.”

“ನಂಗೆ ಓದೋಕ್ ಬರಲ್ಲ. ಆದ್ರೆ ಅದು ನಾನೇ,” ಅಂದೆ. “ಹೆಸ್ರು ಹೇಳೋಕೆ ನಾಚ್ಕೆ ಅವ್ರಿಗೆ. ಹಿಡ್ಕೊಂಡು ಹೋಗೋಕೆ ನಾಚ್ಕೆ ಇಲ್ಲ.”

ಥ್ಯಾಂಕ್‌ಫುಲ್ ನನ್ನನ್ನು ನೋಡಲಿಲ್ಲ. ನನ್ನ ಬೆನ್ನ ಮೇಲಿದ್ದ ಸೂಕಿಯನ್ನು ನೋಡಿದಳು. ಅವಳಿಗೆ ಅರ್ಥವಾಗಿತ್ತು. ಹಸು ಓಡಿಹೋಗಿ ಬೇರೆಯವರ ಕೊಟ್ಟಿಗೆಯಲ್ಲಿ ಕರು ಹಾಕಿದರೂ ಕರು ಹಸುವಿನ ಒಡೆಯನದೇ. ಕ್ಲಾವೆರಾಕ್‌ನ ಕಾನೂನು ನಮಗೂ ಅದನ್ನೇ ಹೇಳುತ್ತದೆ.

“ಈ ಗೆರೆಗೂ ಇಲ್ಲ ಅಂತ ಹೇಳಿ ಕಳಿಸ್ತೀರಾ?” ಅಂತ ಕೇಳಿದೆ.

“ಕಳಿಸ್ತೀವಿ ಬಿಡು. ಊರಿಗೂರೇ ಇಲ್ಲ ಅಂತಿದೆ. ಮೊದ್ಲು ತೆರಿಗೆ ವಿಷ್ಯ ಆಗ್ಲಿ, ಜಡ್ಜುಗಳ ವಿಷ್ಯ ಆಗ್ಲಿ...” ಅನ್ನುತ್ತಾ ಜೆಡಿಡಯಾ ಹಾಳೆ ತಿರುವಿದ.

ಡಿಸೆಂಬರಿನಲ್ಲಿ ಊರಸಭೆ ಸೇರಿತು. ನಮ್ಮಲ್ಲಿ ಪ್ರಾರ್ಥನೆ ಮಾಡುವುದೂ ಜಗಳ ಆಡುವುದೂ ಒಂದೇ ಸಭೆಮನೆಯಲ್ಲಿ. ಕೆಳಗೆ ಗಂಡಸರು, ಆಸ್ತಿಯ ಲೆಕ್ಕದ ಮೇಲೆ ಮುಂದೆ ಹಿಂದೆ. ಮೇಲೆ ಮರದ ಅಟ್ಟ. ಅಟ್ಟದ ಒಂದು ಕಡೆ ಹೆಂಗಸರು. ಇನ್ನೊಂದು ಮೂಲೆಯಲ್ಲಿ, ಕಂಬದ ಹಿಂದೆ, ಕರಿಯರ ಬೆಂಚು. ಆ ಬೆಂಚಿನ ಮೇಲೆ ಇದ್ದವರು ನಾನು, ಪೆರೊ, ನನ್ನ ತೊಡೆಯ ಮೇಲೆ ಸೂಕಿ. ಅಲ್ಲಿಂದ ಕಾಣುತ್ತಿದ್ದದ್ದು ಬೋಳು ತಲೆಗಳು ಮಾತ್ರ. ಯಾವ ತಲೆ ಯಾರದು ಅಂತ ಹೇಳಬಲ್ಲೆ.

ಸಭೆ ನಡೆಸುತ್ತಿದ್ದವನು ಸ್ಕ್ವಯರ್ ಲೂಮಿಸ್. ಅವನಿಗೆ ಕಾಗದ ಬೇಕಿತ್ತು. ಬಾಸ್ಟನ್‌ನ ವ್ಯಾಪಾರಿಗಳಿಗೆಲ್ಲ ಬೇಕಿತ್ತು. ಒಂದು ದೇಶ, ಒಂದು ಬಲ, ಒಂದು ಮಾತು ಅಂತ ಅರ್ಧ ಗಂಟೆ ಮಾತಾಡಿದ. ಜನ ಕೆಮ್ಮಿದರು.

ಬಾಗಿಲ ಹತ್ತಿರ ನಿಂತಿದ್ದ ಜೆಡಿಡಯಾ ಕೂಗಿದ. ಮತ ಇಲ್ಲದಿದ್ದರೂ ಗಂಟಲಿತ್ತು.

“ಈ ಕಾಗದ ನಮ್ಮನ್ನ ಗುಲಾಮ್ರನ್ನಾಗಿ ಮಾಡತ್ತೆ ಕಣ್ರೋ! ನಮ್ಮ ಮಕ್ಕಳ ಕಾಲಿಗೆ ಸರಪಳಿ! ಟಾಲ್ಕಟ್‌ನ ಸ್ವತಂತ್ರ ರೈತ ಗುಲಾಮ ಆಗಿ ಬದುಕ್ತಾನಾ?”

“ಇಲ್ಲ! ಇಲ್ಲ!” ಅಂತ ಸಭೆ ಬೆಂಚು ಕುಟ್ಟಿತು.

ನಾನು ನಕ್ಕೆ. ಜೋರಾಗಿಯೇ ನಕ್ಕೆ. ತಡೆಯಲು ಆಗಲಿಲ್ಲ ಅಂತ ಸುಳ್ಳು ಹೇಳಲಾರೆ. ತಡೆಯಬೇಕು ಅಂತ ಅನ್ನಿಸಲಿಲ್ಲ. ಬೋಳು ತಲೆಗಳೆಲ್ಲ ತಿರುಗಿ ಮುಖಗಳಾದವು.

ಸ್ಕ್ವಯರ್ ಸುತ್ತಿಗೆ ಬಡಿದ. “ಅಟ್ಟಕ್ಕೆ ಬಾಯಿಲ್ಲ!”

“ಕಿವಿ ಇದೆಯಲ್ಲ ಸ್ಕ್ವಯರ್,” ಅಂದೆ. ಎದ್ದು ನಿಂತಿದ್ದೆ. “ಗುಲಾಮ ಅಂದ್ರೇನು ಅಂತ ಇಲ್ಲಿ ಯಾರಿಗಾದ್ರೂ ಗೊತ್ತಾ? ಕ್ರೇನ್, ನಿಮ್ಗೆ ಗೊತ್ತಾ? ನಮ್ಮವ್ವ ಸತ್ತ ದಿನ ನಾನು ಹೆಣದ ಪಕ್ಕ ಕೂತ್ಕೊಂಡು ದೊಡ್ಡ ಮನೆಯೋರ ಬೆಣ್ಣೆ ಕಡೀತಿದ್ದೆ. ಕಡೆಯೋದು ನಿಲ್ಸಿದ್ದಕ್ಕೆ ಒದೆ ತಿಂದೆ. ಗುಲಾಮ ಅಂದ್ರೆ ಅದು. ನೀವು ಆಗೋದಿರ್ಲಿ, ಆದವ್ಳು ಇಲ್ಲಿದೀನಿ. ಆ ಕಾಗದದಲ್ಲಿ ನನ್ನ ಹಿಡ್ಕೊಡಿ ಅಂತ ಒಂದು ಗೆರೆ ಇದೆ. ನನ್ನ ಮಗೂನ ಹಿಡ್ಕೊಡಿ ಅಂತ ಇದೆ. ನಿಮಗೆ ತೆರಿಗೆ ಕಂಡಿತು, ಅದು ಕಾಣ್ಲಿಲ್ವಾ?”

ಜೆಡಿಡಯಾನ ಮುಖ ಕೆಂಪಾಯಿತು. ಕೋಪಕ್ಕೋ ನಾಚಿಕೆಗೋ ತಿಳಿಯಲಿಲ್ಲ.

ಎದ್ದವನು ಚರ್ಚಿನ ಹಿರಿಯ, ಡೀಕನ್ ಓಬದ್ಯ ಪೆಕ್. ಬಾಸ್ಟನ್‌ಗೆ ಕಳಿಸಬೇಕು ಅಂತ ಊರವರು ಮಾತಾಡಿಕೊಂಡಿದ್ದದ್ದು ಅವನನ್ನೇ. ಒಳ್ಳೆಯ ಮನುಷ್ಯ. ನನ್ನ ಹೆರಿಗೆಯಲ್ಲಿ ಕುರಿಯ ಮಾಂಸ ಕಳಿಸಿದ್ದ. “ಆ ತಂಗಿ ಹೇಳೋದು ನಿಜ,” ಅಂದ. ಕಣ್ಣಲ್ಲಿ ನೀರಿತ್ತು. “ನಮ್ಮ ಊರಿಗೆ ನೆರಳಿಗೆ ಬಂದೋರನ್ನ ಹಿಡ್ಕೊಟ್ರೆ ದೇವ್ರು ಮೆಚ್ತಾನಾ? ಬರ್ಕೊಳ್ಳಿ ಅದನ್ನೂ.”

ಊರು ತನ್ನ ಪ್ರತಿನಿಧಿಗೆ ಏನು ಹೇಳಬೇಕು ಅಂತ ಬರೆದು ಕಳಿಸುವುದು ನಮ್ಮ ಪದ್ಧತಿ. ಗುಮಾಸ್ತ ಸೈಲಸ್ ಅದನ್ನು ಏಳನೆಯ ಸೂಚನೆ ಅಂತ ಬರೆದುಕೊಂಡ.

ಆಮೇಲೆ ಮತ. ಟಾಲ್ಕಟ್‌ನಲ್ಲಿ ಹಳೆಯ ಕ್ರಮ ಇನ್ನೂ ಬಿಟ್ಟಿರಲಿಲ್ಲ. ಹೌದು ಅನ್ನುವವನು ಮೆಕ್ಕೆಜೋಳದ ಕಾಳು, ಇಲ್ಲ ಅನ್ನುವವನು ಬೀನ್ಸ್ ಕಾಳು. ಒಬ್ಬೊಬ್ಬರೇ ಹೋಗಿ ಸ್ಕ್ವಯರ್ ಮುಂದಿನ ಟೋಪಿಗೆ ಹಾಕಬೇಕು.

ಪೆರೊ ಎದ್ದ. ನನಗೂ ಹೇಳಿರಲಿಲ್ಲ. ಅಟ್ಟದ ಮೆಟ್ಟಿಲು ಇಳಿದ. ಬೆರಳಿಲ್ಲದ ಕಾಲು ಎಳೆಯುತ್ತಾ ಸಾಲಿನ ಕೊನೆಗೆ ನಿಂತ. ಅವನ ಸರದಿ ಬಂದಾಗ ಸ್ಕ್ವಯರ್ ಟೋಪಿಯ ಮೇಲೆ ಅಂಗೈ ಮುಚ್ಚಿದ.

“ನಾಲ್ಕು ಎಕರೆ ಇದೆ ನಂಗೆ,” ಅಂದ ಪೆರೊ.

“ಅದು ನೆಲ ಅಲ್ಲ ಪೆರೊ, ಕಲ್ಲು. ಕಲ್ಲಿಗೆ ಮತ ಇಲ್ಲ.”

“ಕಲ್ಲಿಗೆ ತೆರಿಗೆ ತಗೊಂಡ್ರಲ್ಲ ಸ್ವಾಮಿ?”

ಸಭೆ ನಕ್ಕಿತು. ಪೆರೊನ ಪರವಾಗಿ ನಕ್ಕರು ಅಂತ ಮೊದಲು ಅಂದುಕೊಂಡೆ. ಅಲ್ಲ. ಒಬ್ಬರೂ ‘ಕೈ ತೆಗೀರಿ ಸ್ಕ್ವಯರ್’ ಅನ್ನಲಿಲ್ಲ. ಬೆಂಚು ಕುಟ್ಟಿದವರು, ಸ್ವತಂತ್ರ ರೈತರು, ಒಬ್ಬರೂ ಅನ್ನಲಿಲ್ಲ. ಕಣ್ಣೀರಿಟ್ಟ ಡೀಕನ್ ಕೂಡ ತನ್ನ ಬೂಟು ನೋಡುತ್ತಾ ನಿಂತ. ಪೆರೊ ಸ್ವಲ್ಪ ಹೊತ್ತು ಕಾದ. ಆಮೇಲೆ ಕೈಯಲ್ಲಿದ್ದ ಕಾಳನ್ನು ಬಾಯಿಗೆ ಹಾಕಿಕೊಂಡು ಕಟಕಟ ಅಗಿದ. ಅದು ಬೇಯಿಸದ ಕಾಳು, ಒಣಗಿ ಕಲ್ಲಾದದ್ದು. ಹಲ್ಲಿನ ಸದ್ದು ಅಟ್ಟದವರೆಗೂ ಕೇಳಿತು.

ಎಣಿಸಿದರು. ಬೀನ್ಸ್ ಅರವತ್ತೊಂದು, ಜೋಳ ಹದಿನಾಲ್ಕು. ಡೀಕನ್ ಪೆಕ್ ಬೈಬಲ್ ಮುಟ್ಟಿ, ಊರು ಹೇಳಿದ್ದನ್ನೇ ಹೇಳುತ್ತೇನೆ ಅಂದ.

ಅವತ್ತು ಮನೆಗೆ ಹೋಗುವಾಗ ನನಗೆ ಸಿಟ್ಟೂ ಇತ್ತು, ಸಂತೋಷವೂ ಇತ್ತು. ಸಂತೋಷವೇ ಒಂದು ತೂಕ ಹೆಚ್ಚು. ನನ್ನ ಮಾತು ಒಂದು ಕಾಗದದ ಮೇಲೆ ಕೂತು ಬಾಸ್ಟನ್‌ಗೆ ಹೊರಟಿತ್ತು.

ಮಾರನೆಯ ದಿನ ಸ್ಕ್ವಯರ್ ಬೂದಿಮನೆಗೆ ಬಂದ. ಪೆರೊ ಸೌದೆಗೆ ಹೋದ ಸಮಯ ನೋಡಿಯೇ ಬಂದ. ಕೊಪ್ಪರಿಗೆಯ ಹತ್ತಿರ ಬರಲಿಲ್ಲ. ಕೋಟಿಗೆ ಹನಿ ಬೀಳುತ್ತದೆ ಅಂತ ಬಾಗಿಲಲ್ಲೇ ನಿಂತ.

“ಮಾರಿಟ್, ನಾಲ್ಕು ವರ್ಷ ಆಯ್ತಲ್ಲ ನೀನು ಬಂದು? ನಿಂಗಿನ್ನೂ ಕಾನ್‌ಸ್ಟೇಬಲ್ ಹತ್ರ ನೋಟೀಸು ಓದ್ಸಿಲ್ಲ ನಾನು. ಯಾಕೆ ಹೇಳು?”

ನಮ್ಮ ಊರುಗಳ ಒಂದು ಸಂಪ್ರದಾಯ ಅದು. ಕೇಳದೆ ಬಂದು ನೆಲೆಸಿದವರ ಬಾಗಿಲಿಗೆ ಹೋಗಿ, ಹದಿನಾಲ್ಕು ದಿನದೊಳಗೆ ಊರು ಬಿಡಿ ಅಂತ ಕಾನ್‌ಸ್ಟೇಬಲ್ ಓದುತ್ತಾನೆ. ಬಿಡುವವರು ಕಡಿಮೆ. ಓದಿಸುವವರಿಗೂ ಬಿಡಲಿ ಅಂತ ಇರುವುದಿಲ್ಲ. ಮುಂದೆ ಅವರು ಕಾಯಿಲೆ ಬಿದ್ದರೆ, ತಿನ್ನಲು ಗತಿಯಿಲ್ಲದಿದ್ದರೆ, ಊರು ನೋಡಬೇಕಾಗಿಲ್ಲ, ಅದಕ್ಕೆ. ಇಷ್ಟೇ ಆಗಿದ್ದರೆ ನಾನು ಹೆದರುತ್ತಿರಲಿಲ್ಲ.

“ಬೂದಿ ಹೊರೋಕೆ ಆಳು ಬೇಕಲ್ಲ, ಅದಕ್ಕೆ ಓದ್ಸಿಲ್ಲ,” ಅಂದೆ.

“ಜಾಣೆ. ಓದಿಸ್ದೆ ಅನ್ಕೋ. ನಿನ್ನ ಹೆಸ್ರು ಊರಿನ ಪುಸ್ತಕಕ್ಕೆ ಹೋಗತ್ತೆ. ಎಲ್ಲಿಂದ ಬಂದ್ಳು ಅನ್ನೋದೂ ಹೋಗತ್ತೆ. ಅಲ್ಲಿಂದ ಕೋರ್ಟಿನ ಪುಸ್ತಕಕ್ಕೆ. ಪುಸ್ತಕ ಯಾರು ಬೇಕಾದ್ರೂ ನೋಡ್ಬಹುದು. ಡಚ್ಚರೂ ನೋಡ್ಬಹುದು.” ನಾನು ಎಲ್ಲಿಯವಳು ಅಂತ ಅವನಿಗೆ ಗೊತ್ತಿರಲಿಲ್ಲ. ಆದರೆ ಸೂಕಿಗೆ ನಾನು ಡಚ್ ಮಾತಲ್ಲಿ ಲಾಲಿ ಹೇಳುತ್ತಿದ್ದದ್ದನ್ನು ಕೇಳಿಸಿಕೊಂಡಿದ್ದ. “ಅಟ್ಟದ ಮೇಲೆ ಇನ್ನೊಂದ್ಸಲ ಬಾಯಿ ತೆಗೀಬೇಡ. ತೆಗೆದ್ರೆ ಬರೆಸ್ತೀನಿ. ಅಷ್ಟೇ.”

ನಾನು ಹೆದರಿದೆ. ಸಭೆಯಲ್ಲಿ ಅಷ್ಟು ಮಾತಾಡಿದವಳು ಅವತ್ತು ಕೊಪ್ಪರಿಗೆ ಕಲಕುತ್ತಾ ಹೂಂ ಅಂದೆ. ಆ ಹೂಂ ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಅದರಲ್ಲಿ ಇಲಿಯ ನಾಚಿಕೆಯ ಬಗ್ಗೆ ಯಾರೂ ಹೇಳುವುದಿಲ್ಲ.

ಜನವರಿ ಪೂರ್ತಿ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೂಟು ಬಿಚ್ಚದೆ ಮಲಗುತ್ತಿದ್ದೆ. ಪಶ್ಚಿಮದ ದಾರಿಯಲ್ಲಿ ಕುದುರೆಯ ಗೊರಸು ಕೇಳಿದರೆ ಕೈ ತಾನಾಗಿ ಸೂಕಿಯ ಮೇಲೆ ಹೋಗುತ್ತಿತ್ತು. ಬೂದಿ ಬಾಚಲು ಹೋದ ಮನೆಯಲ್ಲಿ ಹೊಸ ಮುಖ ಕಂಡರೆ ಬೂದಿ ಬಿಟ್ಟು ಹಿಂದಿನ ಬಾಗಿಲಿಂದ ಓಡುತ್ತಿದ್ದೆ. ಒಂದು ಸಲ ಹಾಗೆ ಓಡಿದ್ದು ಮಿಷನ್ನಿಗೆ ಹಣ ಎತ್ತಲು ಬಂದ ಪಾದ್ರಿಯನ್ನು ನೋಡಿ. ಥ್ಯಾಂಕ್‌ಫುಲ್ ನಕ್ಕಳು. ನನಗೆ ನಗು ಬರಲಿಲ್ಲ.

“ವರ್ಮಾಂಟ್‌ಗೆ ಹೋಗೋಣ,” ಅಂದ ಪೆರೊ. “ಅದು ಈ ಹದಿಮೂರರಲ್ಲಿ ಸೇರಿಲ್ಲ. ಕಾಗದ ಅಲ್ಲಿಗೆ ಹತ್ತಲ್ಲ.”

“ಅದೂ ಸೇರಿದ ದಿನ?”

“ಕೆನಡಾ.”

“ಆಮೇಲೆ? ಸಮುದ್ರದೊಳಗಾ? ಒಂದ್ಸಲ ಓಡಿದೀನಿ ಪೆರೊ. ಹೊಟ್ಟೆ ಖಾಲಿ ಇದ್ರೂ ಓಡ್ಬಹುದು. ಮಗು ಎತ್ಕೊಂಡು ಹಿಮದಲ್ಲಿ ಎಷ್ಟು ದೂರ ಓಡ್ಲಿ? ಡೀಕನ್ ಬರ್ಲಿ. ಮಾತು ಕೊಟ್ಟಿದಾನೆ.”

“ಟೋಪಿ ಮೇಲೆ ಕೈ ಇಟ್ಟಾಗ ಬೂಟು ನೋಡ್ಕೊಂಡು ನಿಂತಿದ್ನಲ್ಲ, ಅದೇ ಡೀಕನ್ನಾ?” ಅಂದ ಪೆರೊ.

ನನಗೆ ನಂಬಲು ಬೇರೆ ಯಾರೂ ಇರಲಿಲ್ಲ.

ಫೆಬ್ರವರಿ ನಡುವಿನಲ್ಲಿ ಸಭೆಮನೆಯ ಗಂಟೆ ಮೊಳಗಿತು. ಬೆಂಕಿ ಬಿದ್ದಿದೆ ಅಂದುಕೊಂಡು ಬಕೆಟ್ಟು ಹಿಡಿದು ಹೊರಗೆ ಬಂದೆ. ಥ್ಯಾಂಕ್‌ಫುಲ್ ತಲೆಗೆ ಬಟ್ಟೆಯೂ ಇಲ್ಲದೆ ಹಿಮದಲ್ಲಿ ಓಡಿ ಬರುತ್ತಿದ್ದಳು.

“ಬಾಸ್ಟನ್‌ನಲ್ಲಿ ಒಪ್ಬಿಟ್ರಂತೆ ಮಾರಿಟ್. ಹತ್ತೊಂಬತ್ತು ಮತ ಹೆಚ್ಚಂತೆ.”

“ಡೀಕನ್?”

ಅವಳು ನನ್ನ ಕೈಯಿಂದ ಬಕೆಟ್ಟು ತಗೊಂಡು ಕೆಳಗಿಟ್ಟಳು. “ಹೌದು ಅಂದ್ನಂತೆ,” ಅಂದಳು.

ಮಾರ್ಚ್ ತಿಂಗಳ ಊರಸಭೆಯಲ್ಲಿ ಡೀಕನ್ ಲೆಕ್ಕ ಒಪ್ಪಿಸಲು ನಿಂತ. ಅವನ ಮುಖ ಸಣ್ಣದಾಗಿತ್ತು. ನಾನು ಕಂಬದ ಹಿಂದೆ ಕೂತಿದ್ದೆ. ಬಾಯಿ ತೆಗೆಯುವುದಿಲ್ಲ ಅಂತ ಪೆರೊನಿಗೆ ಹೇಳಿಯೇ ಬಂದಿದ್ದೆ.

ಡೀಕನ್ ಮಾತಾಡಿದ. ಬಾಸ್ಟನ್‌ನಲ್ಲಿ ದೊಡ್ಡ ದೊಡ್ಡವರು ಇದ್ದರು, ಅವರ ಮನೆಗಳಲ್ಲಿ ಊಟಕ್ಕೆ ಕರೆದರು, ಓದಿದವರು, ದೇವರಿಗೆ ಹೆದರುವವರು. ಕಾಗದ ಪೂರ್ತಿ ಒಳ್ಳೆಯದಲ್ಲ, ಪೂರ್ತಿ ಕೆಟ್ಟದ್ದೂ ಅಲ್ಲ. ಇಲ್ಲ ಅಂದರೆ ದೇಶ ಒಡೆಯುತ್ತದೆ, ಹೌದು ಅಂದರೆ ತಿದ್ದಬಹುದು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಆ ಕಡೆಗೂ ಈ ಕಡೆಗೂ ಮಾತಾಡಿದ.

“ಬರೀ ಹೌದು ಅಂದು ಬಂದಿಲ್ಲ,” ಅಂದ. “ಒಂಬತ್ತು ತಿದ್ದುಪಡಿ ಆಗ್ಲೇಬೇಕು ಅಂತ ಬರ್ದು ಕೊಟ್ಟಿದೀವಿ. ತೆರಿಗೆ ಬಗ್ಗೆ ಇದೆ. ಕೋರ್ಟಿನ ಬಗ್ಗೆ ಇದೆ.”

ಸಭೆ ತಲೆದೂಗಿತು. ಮೂಗಿಗೆ ತುಪ್ಪ ಸವರಿದ ವಾಸನೆಗೇ ಅರ್ಧ ಹೊಟ್ಟೆ ತುಂಬಿತ್ತು ಅವರಿಗೆ.

ನಾನು ಕೇಳಿಬಿಟ್ಟೆ. ಕೇಳಬಾರದು ಅಂತಲೇ ಕೂತಿದ್ದವಳು, ಕೇಳಿಬಿಟ್ಟೆ. “ಆ ಒಂಬತ್ತರಲ್ಲಿ ನಂದು ಎಷ್ಟನೇದು ಡೀಕನ್?”

ಡೀಕನ್ ಮೇಲೆ ನೋಡಿದ. ಸ್ಕ್ವಯರ್ ಸುತ್ತಿಗೆ ಎತ್ತಿದವನು ಬಡಿಯದೆ ತಡೆದ. ಅವನೂ ಉತ್ತರ ಕೇಳಬೇಕು ಅಂತಿದ್ದ, ಮಜಾ ನೋಡಲು.

“ತಂಗಿ,” ಅಂದ ಡೀಕನ್. “ಅದನ್ನ ಎತ್ತಿದ್ರೆ ದಕ್ಷಿಣದ ಸೀಮೆಯೋರು ಎದ್ದು ಹೋಗ್ತಾರೆ ಅಂದ್ರು. ಒಂದು ಗೆರೆಗೋಸ್ಕರ ಇಡೀ ದೇಶ ಕಳ್ಕೊಳ್ಳೋದಾ ಅಂದ್ರು. ಮುಂದೆ ಎಂದಾದ್ರೂ...”

“ನೀವು ಎತ್ತಿದ್ರಾ?”

ಅವನು ಕೈಲಿದ್ದ ಟೋಪಿಯ ಅಂಚು ತಿರುವಿದ.

“ಒಂದ್ಸಲ? ಬಾಯಿಬಿಟ್ಟು?”

“ಇಲ್ಲಮ್ಮ,” ಅಂದ.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಒಳ್ಳೆಯ ಮನುಷ್ಯ ಅಂತ ಮೊದಲೇ ಹೇಳಿದೆನಲ್ಲ. ನನ್ನನ್ನು ಕೊಟ್ಟು ಬಂದವನೂ ಅವನೇ. ಒಳ್ಳೆಯವರೂ ಕೊಟ್ಟು ಬರುತ್ತಾರೆ ಅಂತ ನನಗೆ ಅವತ್ತು ತಿಳಿಯಿತು. ಕೊಟ್ಟು ಬಂದು ಅಳುತ್ತಾರೆ, ಅಷ್ಟೇ ವ್ಯತ್ಯಾಸ.

ಸ್ಕ್ವಯರ್ ಸುತ್ತಿಗೆ ಬಡಿದ. “ಆಯ್ತು. ಜಗಳ ಮುಗೀತು. ಟಾಲ್ಕಟ್ ಈಗ ದೇಶದ ಜೊತೆ ನಿಲ್ಬೇಕು. ಇನ್ಮೇಲೆ ಇದು ನಮ್ಮ ಕಾನೂನು, ಇದಕ್ಕೆ ನಡ್ಕೋತೀವಿ ಅನ್ನೋರು ಎದ್ದು ನಿಲ್ಲಿ.”

ಮೊದಲು ಎದ್ದವರು ಜೋಳದ ಹದಿನಾಲ್ಕು ಮಂದಿ. ಆಮೇಲೆ ಡೀಕನ್. ಆಮೇಲೆ ಬಾಗಿಲ ಹತ್ತಿರ, ಕೋಲೂರಿ, ಜೆಡಿಡಯಾ ಕ್ರೇನ್ ಎದ್ದ. ತೊಡೆಯಲ್ಲಿ ಗುಂಡಿಟ್ಟುಕೊಂಡವನು. ಅವನ ಮತವನ್ನು ಈ ವರ್ಷವೇ ವಾಪಸು ಕೊಡಿಸುತ್ತೇನೆ ಅಂತ ಸ್ಕ್ವಯರ್ ಹೇಳಿದ್ದಾನೆ ಅಂತ ಆ ವಾರವಷ್ಟೇ ಅವನ ಒಲೆಯ ಮುಂದೆ ನಾನು ಕೇಳಿದ್ದೆ.

“ಚೆನ್ನಾಗಿ ಹೋರಾಡಿದ್ವಿ, ಸೋತ್ವಿ,” ಅಂದ ಜೆಡಿಡಯಾ. “ಹೆಚ್ಚು ಜನ ಹೇಳಿದ್ದಕ್ಕೆ ತಲೆ ಬಾಗ್ಬೇಕು. ಅದೇ ಗಂಡಸ್ತನ.”

ಒಬ್ಬೊಬ್ಬರೇ ಎದ್ದರು. ಅರವತ್ತೊಂದು ಬೀನ್ಸೂ ಎದ್ದು ನಿಂತವು. ಒಬ್ಬನೂ ಕೂತಿರಲಿಲ್ಲ.

“ಬರಿ ಸೈಲಸ್,” ಅಂದ ಸ್ಕ್ವಯರ್. “ಊರು ಒಕ್ಕೊರಲಿನಿಂದ ಒಪ್ಪಿತು. ಒಬ್ಬರೂ ಇಲ್ಲ ಅನ್ನಲಿಲ್ಲ.”

ಒಬ್ಬರೂ. ವಾನ್ ಡ್ರೀಲ್‌ನ ಮನೆಯಲ್ಲಿ ಅತಿಥಿ ಬಂದಾಗ, ‘ಮನೇಲಿ ಯಾರೂ ಇಲ್ಲ, ನಾನೊಬ್ಬನೇ’ ಅನ್ನುತ್ತಿದ್ದ ಅವನು. ನಾನು ಅದೇ ಕೋಣೆಯಲ್ಲಿ ನೆಲ ಉಜ್ಜುತ್ತಿರುತ್ತಿದ್ದೆ.

ಸೂಕಿಯನ್ನು ಪೆರೊನ ತೊಡೆಗೆ ಹಾಕಿದೆ. ಅವನು ನನ್ನ ತೋಳು ಹಿಡಿದ. ಆಮೇಲೆ ಬಿಟ್ಟ. ಅಟ್ಟದ ಮೆಟ್ಟಿಲು ಹನ್ನೊಂದು. ಸಭೆ ನಡೆಯುವಾಗ ಒಬ್ಬ ಹೆಂಗಸು ಆ ಮೆಟ್ಟಿಲು ಇಳಿದದ್ದನ್ನು ಆ ಊರು ಕಂಡಿರಲಿಲ್ಲ. ಗಂಡಸರು ದಾರಿ ಬಿಟ್ಟರು. ನನಗೆ ಮರ್ಯಾದೆ ಕೊಟ್ಟಲ್ಲ. ಮೈಗೆ ತಾಕಿಬಿಟ್ಟೇನು ಅಂತ.

“ಎಲ್ಲಿಗೆ ಬಂದೆ?” ಅಂದ ಸ್ಕ್ವಯರ್.

“ಸೈಲಸ್ ತಪ್ಪು ಬರೀತಿದಾನೆ. ತಿದ್ದಿಸೋಕೆ ಬಂದೆ. ಒಬ್ಬಳು ಇಲ್ಲ ಅಂದಳು ಅಂತ ಬರೀಬೇಕು.”

“ನಿಂದು ಲೆಕ್ಕಕ್ಕಿಲ್ಲ.”

“ಲೆಕ್ಕಕ್ಕೆ ಬೇಡ. ಬರೀಲಿ.”

ಜೆಡಿಡಯಾ ಕೋಲೂರಿಕೊಂಡು ಹತ್ತಿರ ಬಂದ. ಮೆಲ್ಲಗೆ, ಸಮಾಧಾನ ಹೇಳುವವನ ಹಾಗೆ ಅಂದ: “ಹೋಗಮ್ಮ ಮೇಲಕ್ಕೆ. ಎಲ್ರೂ ಸೋತಿದೀವಿ. ಸೋತೋರು ಸೋಲು ಒಪ್ಕೋಬೇಕು.”

“ಸೋಲ್ಬೇಕಾದ್ರೆ ಆಟಕ್ಕೆ ಸೇರಿಸ್ಕೊಂಡಿರ್ಬೇಕು ಕ್ರೇನ್,” ಅಂದೆ. “ಇವ್ರು ಕಾಳು ಹಾಕಿದ್ರು, ಸೋತ್ರು. ತಲೆ ಬಾಗ್ಲಿ. ನಾನು ಕಾಳು ಹಾಕಿಲ್ಲ. ನನ್ನ ಗಂಡನ ಕಾಳನ್ನ ಟೋಪಿ ಒಳಗೆ ಬಿಡ್ಲಿಲ್ಲ. ನಾನು ಸೋತಿಲ್ಲ. ಸೋಲದೆ ಇರೋಳು ಯಾಕೆ ಬಾಗ್ಲಿ?”

ಮೇಲೆ ಹೆಂಗಸರ ಕಡೆಯಿಂದ ಒಂದು ಬೆಂಚು ಸರಿದ ಸದ್ದು. “ನಾನೂ ಹಾಕಿಲ್ಲ,” ಅಂದಳು ಥ್ಯಾಂಕ್‌ಫುಲ್. ಗಟ್ಟಿಯಾಗಿ ಏನಲ್ಲ. ಆದರೂ ಅವಳ ಗಂಡನಿಗೆ ಕೇಳಿತು. ಅವನ ಕಿವಿ ಕೆಂಪಾಯಿತು.

ಸ್ಕ್ವಯರ್ ಮುಂದಕ್ಕೆ ಬಾಗಿದ. ನನಗೊಬ್ಬಳಿಗೇ ಕೇಳುವ ಹಾಗೆ ಅಂದ: “ಬರೆಸ್ಕೋತೀಯಾ? ಹೆಸ್ರು ಬರ್ದ ಮೇಲೆ ಊರು ಕೇರಿ ಎಲ್ಲಾ ಬರೀಬೇಕಾಗತ್ತೆ. ಅವತ್ತು ಹೇಳಿದ್ದು ನೆನಪಿದೆ ತಾನೆ?”

ನೆನಪಿತ್ತು. ಆ ಭಯವನ್ನು ನಾಲ್ಕು ವರ್ಷ ನೆನಪಿಟ್ಟುಕೊಂಡೇ ಬದುಕಿದ್ದೆ. ಗೊರಸಿನ ಸದ್ದಿಗೆ ಓಡಿ, ಬೂಟು ಹಾಕಿಕೊಂಡು ಮಲಗಿ, ಬೂದಿ ಹೊತ್ತು, ಹೂಂ ಅಂದು. ಅಡಗಿ ಕೂತದ್ದಕ್ಕೆ ಸಿಕ್ಕಿದ್ದು ಇಷ್ಟೇ: ನನ್ನನ್ನು ಒಪ್ಪಿಸಿಬಿಡುವ ಕಾಗದಕ್ಕೆ ಊರೆಲ್ಲ ಹೂಂ ಅಂದಿತು ಅಂತ ಬರೆಯುವಾಗ, ಆ ಹೂಂನೊಳಗೆ ನಾನೂ ಸೇರಿಹೋಗುತ್ತಿದ್ದೆ. ಅದನ್ನು ಮಾತ್ರ ನನ್ನ ಕೈಲಿ ತಡೆಯಲಾಗಲಿಲ್ಲ. ವಾನ್ ಡ್ರೀಲ್ ಬಂದರೆ ಬರಲಿ. ನಾನು ಒಪ್ಪಿ ಕಳಿಸಿಕೊಟ್ಟೆ ಅಂತ ಯಾವ ಪುಸ್ತಕವೂ ಹೇಳಬಾರದು.

ಸೈಲಸ್ ಮುದುಕ, ಹೆದರುಪುಕ್ಕಲ. ಮಸಿ ಒಣಗುತ್ತಿದ್ದ ಗರಿಯನ್ನು ಹಿಡಿದು ಪಿಸುಗುಟ್ಟಿದ. “ಬೇಡ ಕಣಮ್ಮ. ಬರ್ದ್ರೆ ನಿನ್ನ ಹುಡುಕೋರಿಗೆ ಗೊತ್ತಾಗ್ಬಿಡತ್ತೆ.”

“ಗೊತ್ತಾಗ್ಲಿ. ಬರ್ಕೊಳ್ಳಿ,” ಅಂದೆ. ಅಟ್ಟದ ಕೊನೆಯ ಬೆಂಚಿಗೂ ಕೇಳುವ ಹಾಗೆ ಹೇಳಿದೆ. “ಮಾರಿಟ್. ಪೆರೊನ ಹೆಂಡ್ತಿ, ಸೂಕಿಯ ತಾಯಿ. ಕ್ಲಾವೆರಾಕ್‌ನಲ್ಲಿ ಹೆರ್ಮನ್ ವಾನ್ ಡ್ರೀಲ್ ಅನ್ನೋನ ಮನೆಯಿಂದ ಓಡಿ ಬಂದವಳು. ವಾಪಸ್ ಹೋಗಲ್ಲ. ಆ ಕಾಗದಕ್ಕೆ ಇಲ್ಲ ಅಂದಳು.”

ಸೈಲಸ್ ಸ್ಕ್ವಯರ್‌ನ ಮುಖ ನೋಡಿದ. ನನ್ನ ಮುಖ ನೋಡಿದ. ಗರಿಯನ್ನು ಮಸಿಗೆ ಅದ್ದಿದ. ಅವನು ಬರೆದು ಮುಗಿಸುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.